ಕೂಸನ್ನ ಯಾರ ಹತ್ರ ಬಿಡೋದು?

ಬೆಳಿಗ್ಗೆ ಏಳು ಗಂಟೆ. ಅಮ್ಮ ಕೂಲಿಗೆ ಹೊರಟಿದ್ದಾಳೆ. ಕಂಕುಳಲ್ಲಿ ಒಂದು ವರ್ಷದ ಕೂಸು.

"ಮಗಾ, ಇವತ್ತು ಸ್ಕೂಲಿಗೆ ಹೋಗಬೇಡ. ತಮ್ಮನ್ನ ನೋಡ್ಕೋ" ಅಂತಾಳೆ.

ಹತ್ತು ವರ್ಷದ ಮಗಳು ಚೀಲ ಕೆಳಗಿಡುತ್ತಾಳೆ.

ಇವತ್ತು ಒಂದು ದಿನ. ನಾಳೆ ಇನ್ನೊಂದು ದಿನ. ಹೀಗೇ ಎಷ್ಟೋ ಹುಡುಗಿಯರ ಓದು ನಿಂತಿದೆ. ನಮ್ಮಲ್ಲಿ ಕೆಲವರ ಓದು ನಿಂತದ್ದೂ ಹೀಗೇ ಅಲ್ಲವೇ?

ತಪ್ಪು ಅಮ್ಮನದಲ್ಲ. ಕೂಲಿ ಬಿಟ್ಟರೆ ಒಲೆ ಉರಿಯೋದಿಲ್ಲ. ಕೂಸನ್ನು ನೋಡಿಕೊಳ್ಳಲು ಒಂದು ಜಾಗ ಬೇಕು. ಅದೇ ಶಿಶುಪಾಲನಾ ಕೇಂದ್ರ.

ಯಾರ ಮಕ್ಕಳನ್ನು ಸೇರಿಸುತ್ತಾರೆ?

ಸರ್ಕಾರದ ನೆರವಿನ ಕೇಂದ್ರಗಳು ಹಿಂದೆಯೂ ಇದ್ದವು. ಆದರೆ ಒಂದು ಮಿತಿ ಇತ್ತು. ಅಪ್ಪ, ಅಮ್ಮ ಇಬ್ಬರ ದುಡಿಮೆ ಸೇರಿ ತಿಂಗಳಿಗೆ 1,800 ರೂಪಾಯಿ ದಾಟಬಾರದು. ಲೆಕ್ಕ ಹಾಕಿ. ದಿನಕ್ಕೆ 60 ರೂಪಾಯಿ! ಸ್ವಲ್ಪ ಹೆಚ್ಚು ದುಡಿದರೂ ಕೂಸಿಗೆ ಜಾಗ ಇಲ್ಲ.

2006ರಲ್ಲಿ ಹೊಸ ಯೋಜನೆ ಬಂತು. ಅದರಲ್ಲಿ ಮಿತಿಯನ್ನು 12,000 ರೂಪಾಯಿಗೆ ಏರಿಸಿದರು. ಬಹಳ ಮನೆಗಳಿಗೆ ಬಾಗಿಲು ತೆರೆಯಿತು.

2022ರಲ್ಲಿ 'ಪಾಲನಾ' ಯೋಜನೆ ಬಂತು. ಇದರಲ್ಲಿ ತಾಯಿ ಕೆಲಸಕ್ಕೆ ಹೋಗಲಿ, ಬಿಡಲಿ, ಕೂಸನ್ನು ಸೇರಿಸಬಹುದು. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಇದು. ಅಲ್ಲಿ ಊಟ ಕೊಡುತ್ತಾರೆ. ಮಲಗಿಸುತ್ತಾರೆ. ತೂಕ ನೋಡುತ್ತಾರೆ.

2023ರಲ್ಲಿ ನಮ್ಮ ರಾಜ್ಯ ಸರ್ಕಾರ 'ಕೂಸಿನ ಮನೆ' ಯೋಜನೆ ತಂತು. 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಎಂದಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಇದು.

ಕಾರ್ಖಾನೆಯಲ್ಲಿ ದುಡಿಯುವವರಿಗೆ?

ಹಿಂದೆ ಹೆಂಗಸರನ್ನು ಮಾತ್ರ ಎಣಿಸುತ್ತಿದ್ದರು. 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಾತ್ರ ಮಕ್ಕಳ ಕೋಣೆ. 2017ರಲ್ಲಿ ಕಾನೂನು ಬದಲಾಯಿತು. ಗಂಡಸರು, ಹೆಂಗಸರು ಸೇರಿ 50 ಜನ ಇದ್ದರೂ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದು. ಹಾಲು ಕುಡಿಸಬಹುದು. ಬೇಡ ಅನ್ನುವ ಹಾಗಿಲ್ಲ.

ನಾವೇನು ಮಾಡಬೇಕು?

ಈ ಕೇಂದ್ರಗಳು ಎಲ್ಲ ಊರಲ್ಲೂ ಇಲ್ಲ. ಅಂಗನವಾಡಿ ಟೀಚರನ್ನು ವಿಚಾರಿಸಿ. ಪಂಚಾಯಿತಿಯಲ್ಲಿ ಕೇಳಿ. ಇಲ್ಲ ಅಂದರೆ ಹತ್ತು ಜನ ಸೇರಿ ಅರ್ಜಿ ಬರೆಯಿರಿ. ಗ್ರಾಮಸಭೆಯಲ್ಲಿ ಓದಿ ಹೇಳಿ. ಈಗ ನಮಗೆ ಬರೆಯಲು ಬರುತ್ತದೆ. ನಮ್ಮ ಹೆಸರನ್ನು ನಾವೇ ಸಹಿ ಮಾಡೋಣ.

ಕೂಸಿಗೆ ಜಾಗ ಸಿಕ್ಕರೆ ಅಮ್ಮನ ಕೂಲಿ ಉಳಿಯುತ್ತದೆ. ಅಕ್ಕನ ಓದೂ ಉಳಿಯುತ್ತದೆ.

ಯೋಚಿಸಿ, ಮಾತಾಡಿ

1. ನಿಮ್ಮ ಓಣಿಯಲ್ಲಿ ಕೂಸು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿಯರು ಎಷ್ಟು?
2. ಅರ್ಜಿಯ ಮೊದಲ ಸಾಲು ಏನು ಬರೆಯುತ್ತೀರಿ?