ತಿಳಿವಳಿಕೆಯ ದಾಸ್ತಾನು

ಬೆಂಗಳೂರಿನ ಸುಲ್ತಾನ್‌ಪೇಟೆಯು ಕಾಗದ, ಮುದ್ರಣ ಹಾಗೂ ಲಗ್ನಪತ್ರಿಕೆಗಳ ವಹಿವಾಟಿಗೆ ಹೆಸರಾದುದು. ಇಲ್ಲಿನ ಮುದ್ರಣಾಲಯಗಳ ಬಂಡವಾಳದಲ್ಲಿ ಯಂತ್ರಗಳಷ್ಟೇ ಪಾಲು ಅನುಭವಿ ಕೆಲಸಗಾರರ ಕಣ್ಣು-ಕೈಗಳಿಗೂ ಇದೆ. ಕಾಗದದ ನಾರಿಗೆ ಅಡ್ಡಲಾಗಿ ಮಡಚಿದರೆ ದಪ್ಪ ಕಾರ್ಡು ಏಕೆ ಬಿರಿಯುತ್ತದೆ, ಮಳೆಗಾಲದ ತೇವಕ್ಕೆ ಹಾಳೆ ಹಿಗ್ಗಿ ಬಣ್ಣಗಳ ಹೊಂದಿಕೆ ಹೇಗೆ ತಪ್ಪುತ್ತದೆ ಎಂಬುದನ್ನು ಅವರು ಬಲ್ಲರು. ಅಂಥವರು ನಿವೃತ್ತರಾದ ದಿನ ಈ ತಿಳಿವಳಿಕೆಯೂ ಅಂಗಡಿಯ ಮೆಟ್ಟಿಲಿಳಿಯುತ್ತದೆ. ಹೊಸಬರ ತಪ್ಪಿನ ವೆಚ್ಚವನ್ನು ಮಾಲೀಕರೇ ಭರಿಸಬೇಕಾಗುತ್ತದೆ.

ಜಪಾನಿನ ಮತ್ಸುಶಿತ ಕಂಪನಿಯು 1980ರ ದಶಕದಲ್ಲಿ ಬ್ರೆಡ್ ತಯಾರಿಸುವ ಗೃಹಯಂತ್ರವನ್ನು ರೂಪಿಸುವಾಗ, ಹಿಟ್ಟು ನಾದುವ ಮರ್ಮವನ್ನರಿಯಲು ತನ್ನ ಸಿಬ್ಬಂದಿಯನ್ನು ಒಸಾಕಾದ ಹೋಟೆಲೊಂದರ ನುರಿತ ಬ್ರೆಡ್ ತಯಾರಕರಲ್ಲಿಗೆ ಕಳುಹಿಸಿತು. ಹಿಟ್ಟನ್ನು ಎಳೆದು ತಿರುಚುವ ಆ ಕೈಚಳಕವೇ ಯಂತ್ರದ ವಿನ್ಯಾಸಕ್ಕೆ ದಾರಿಯಾಯಿತು.

ಸಣ್ಣ ಉದ್ಯಮಕ್ಕೆ ಇದಕ್ಕಾಗಿ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಪ್ರತಿ ಕೆಲಸ ಮುಗಿದೊಡನೆ ಕಾಗದದ ತೂಕ, ಶಾಯಿ, ಎದುರಾದ ತೊಡಕು, ಕಂಡುಕೊಂಡ ಪರಿಹಾರ ಇವುಗಳನ್ನು ಪುಸ್ತಕವೊಂದರಲ್ಲಿ ಬರೆದು, ಮಾದರಿ ಹಾಳೆಯನ್ನು ಅಂಟಿಸಿಡಬಹುದು. ಬರಹಕ್ಕೆ ನಿಲುಕದ್ದನ್ನು ಕಲಿಯಲು ಕಿರಿಯರನ್ನು ಹಿರಿಯರ ಪಕ್ಕದಲ್ಲಿ ನಿಲ್ಲಿಸಬೇಕು. ಕಲಿಸಿದ್ದಕ್ಕೂ ಮನ್ನಣೆ, ಭತ್ಯೆ ದೊರೆಯಬೇಕು. ಕಲಿಸಿದರೆ ತನ್ನ ಕೆಲಸವೇ ಹೋದೀತೆಂಬ ಅಳುಕಿರುವಲ್ಲಿ ಯಾರೂ ಗುಟ್ಟು ಬಿಟ್ಟುಕೊಡರು. ಸರಕಿನ ದಾಸ್ತಾನಿಗೆ ಲೆಕ್ಕವಿಡುವ ವರ್ತಕರು ತಿಳಿವಳಿಕೆಯ ದಾಸ್ತಾನಿಗೂ ಲೆಕ್ಕವಿಡುವುದು ಲೇಸು.