ಸುತ್ತಾಟ ಮೊದಲಿರಲಿ, ಮನೆಗೆ ನೇರ ದಾರಿ

ಕೊಡ್ಲಿಪೇಟೆಯವರಿಗೆ ವಿಮಾನ ಹತ್ತುವುದಕ್ಕಿಂತ ವಿಮಾನದ ತನಕ ಹೋಗುವುದೇ ದೊಡ್ಡ ಪ್ರಯಾಣ. ಕೊಡಗಿಗೆ ರೈಲಿಲ್ಲ, ಪ್ರಯಾಣಿಕರ ವಿಮಾನ ನಿಲ್ದಾಣವೂ ಇಲ್ಲ. ಜಿಲ್ಲೆಯ ಉತ್ತರದ ತುದಿಯಲ್ಲಿ ಹಾಸನ ಜಿಲ್ಲೆಗೆ ಒತ್ತಿಕೊಂಡಿರುವ ಈ ಊರಿನವರು ರೈಲು ಹಿಡಿಯಲು ಸಕಲೇಶಪುರಕ್ಕೋ ಹಾಸನಕ್ಕೋ ಹೋಗಬೇಕು; ಪರದೇಶದ ವಿಮಾನಕ್ಕಾದರೆ ಬೆಂಗಳೂರಿನ ದೇವನಹಳ್ಳಿ, ಮಂಗಳೂರು, ಇಲ್ಲವೇ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು. ಹಾಗೆಂದು ಇಲ್ಲಿಯವರು ಪರದೇಶ ಕಾಣದವರೇನಲ್ಲ. ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಕೊರಿಯಾಕ್ಕೆ, 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದ ಜಿಲ್ಲೆ ಇದು. ಈಗ ಹೋಗುವವರು ಬೇರೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಹದಿನೈದು ದಿನಕ್ಕೆಂದು ಹೊರಡುವ ಎಂಜಿನಿಯರ್, ಕಾಫಿ-ಮೆಣಸಿನ ವಹಿವಾಟಿಗೆ ಯೂರೋಪಿನ ಮೇಳ ನೋಡಲು ಹೋಗುವ ವ್ಯಾಪಾರಿ, ಗಲ್ಫಿನಲ್ಲಿ ದುಡಿಯುವ ಹುಡುಗ. ಇವರಲ್ಲಿ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: ಇಷ್ಟು ದೂರ ಬಂದದ್ದಾಯಿತು, ನಾಲ್ಕು ದಿನ ಸುತ್ತಾಡಿಕೊಂಡು ಹೋಗೋಣ. ಮಾತಿನಲ್ಲಿ ತಪ್ಪಿಲ್ಲ. ಟಿಕೆಟ್ಟು, ವೀಸಾ, ವಿಮೆ ಎಲ್ಲಕ್ಕೂ ಖರ್ಚು ಆಗಿಯೇ ಹೋಗಿರುತ್ತದೆ. ಅದೇ ಊರನ್ನು ನೋಡಲೆಂದು ಇನ್ನೊಮ್ಮೆ ಹೋಗುವುದಾದರೆ ಅಷ್ಟನ್ನೂ ಮತ್ತೆ ತೆರಬೇಕು, ವಿಮಾನ ಮತ್ತಷ್ಟು ಇಂಧನ ಸುಡಬೇಕು. ನನ್ನ ತಕರಾರು ಆ ನಾಲ್ಕು ದಿನಗಳನ್ನು ಎಲ್ಲಿ ಇಡುತ್ತೇವೆ ಎಂಬುದರ ಬಗ್ಗೆ. ಬಹುತೇಕ ಎಲ್ಲರೂ ಕೆಲಸ ಮುಗಿಸಿ, ಆಮೇಲೆ ಸುತ್ತಾಡಿ, ಅಲ್ಲಿಂದ ಊರಿನ ಕಡೆ ಹೊರಡುತ್ತಾರೆ. ಇದನ್ನು ತಿರುಗಿಸಬೇಕು. ನೋಡುವುದು ಮೊದಲು, ಕೆಲಸ ಆಮೇಲೆ, ಕೆಲಸ ಮುಗಿದ ಮೇಲೆ ಸೀದಾ ಮನೆ.

ಮೊದಲ ಕಾರಣ ದೇಹದ್ದು. ನಮ್ಮೊಳಗಿನ ಗಡಿಯಾರ ಸರಿಯಾಗಿ ಇಪ್ಪತ್ನಾಲ್ಕು ಗಂಟೆಯದಲ್ಲ, ತುಸು ಹೆಚ್ಚಿನದು. ಆದ್ದರಿಂದಲೇ ಪಶ್ಚಿಮಕ್ಕೆ ಹೋಗಿ ದಿನವನ್ನು ಹಿಗ್ಗಿಸುವುದು ಅದಕ್ಕೆ ಅಷ್ಟು ಕಷ್ಟವಲ್ಲ, ಪೂರ್ವಕ್ಕೆ ಬಂದು ದಿನವನ್ನು ಕುಗ್ಗಿಸುವುದು ಕಷ್ಟ. ಹೊಸ ಹೊತ್ತಿಗೆ ಹೊಂದಿಕೊಳ್ಳಲು ಗಂಟೆಗೆ ಒಂದು ದಿನ ಎಂಬುದು ಸ್ಥೂಲ ಲೆಕ್ಕ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನ್ಯೂಯಾರ್ಕ್ ಒಂಬತ್ತೂವರೆ ಇಲ್ಲವೇ ಹತ್ತೂವರೆ. ಭಾನುವಾರ ರಾತ್ರಿ ಇಳಿದು ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಕೂರುವವರು ನಸುಕಿನ ಮೂರಕ್ಕೇ ಎದ್ದು, ಮಧ್ಯಾಹ್ನದ ಹೊತ್ತಿಗೆ ತೂಕಡಿಸುತ್ತ, ಕಂಪನಿ ಲಕ್ಷಾಂತರ ರೂಪಾಯಿ ಕೊಟ್ಟು ಕಳಿಸಿದ ಕೆಲಸವನ್ನು ಅರ್ಧ ಬುದ್ಧಿಯಲ್ಲಿ ಮಾಡುತ್ತಾರೆ. ಆಮೇಲೆ, ದೇಹ ಹೊಂದಿಕೊಂಡ ಮೇಲೆ, ಚುರುಕಾದ ಕಣ್ಣಿನಿಂದ ಅರಮನೆ ನೋಡುತ್ತಾರೆ! ಗುರುವಾರವೇ ಇಳಿದರೆ ಆ ತೂಕಡಿಕೆಯೆಲ್ಲ ನದಿದಂಡೆಯಲ್ಲೋ ಉದ್ಯಾನದ ಬೆಂಚಿನ ಮೇಲೋ ಕಳೆದುಹೋಗುತ್ತದೆ. ಹಗಲಿನ ಬೆಳಕಲ್ಲಿ ನಡೆದಾಡುವುದೇ ಜೆಟ್‌ಲ್ಯಾಗಿಗೆ ಒಳ್ಳೆಯ ಮದ್ದೂ ಹೌದು. ಎರಡನೆಯದು ಬಿಡುವಿನ ಲೆಕ್ಕ. ಹೋಗುವಾಗ ವಿಮಾನ ತಡವಾದರೆ, ದೋಹಾದಲ್ಲೋ ದುಬೈನಲ್ಲೋ ಮುಂದಿನ ವಿಮಾನ ತಪ್ಪಿದರೆ, ಪೆಟ್ಟಿಗೆ ಮರುದಿನ ಬಂದರೆ, ನಷ್ಟವಾಗುವುದು ಸುತ್ತಾಟದ ಒಂದು ದಿನ, ಮೀಟಿಂಗ್ ಉಳಿಯುತ್ತದೆ. ಸುತ್ತಾಟ ಕೊನೆಯಲ್ಲಿದ್ದರೆ ಆಗುವುದೇ ಬೇರೆ. ಕೆಲಸ ಹಿಗ್ಗುತ್ತದೆ, ಗಿರಾಕಿ ಇನ್ನೊಂದು ದಿನ ಇರಿ ಎನ್ನುತ್ತಾನೆ, ನೋಡಬೇಕೆಂದಿದ್ದ ಊರು ನಕ್ಷೆಯಲ್ಲೇ ಉಳಿಯುತ್ತದೆ. ಮುಗಿಸಿಬಿಟ್ಟ ಸುತ್ತಾಟವನ್ನು ಯಾವ ಮೀಟಿಂಗೂ ನುಂಗಲಾರದು.

ಕೆಲಸದ ಹೊರೆ ತಲೆಯ ಮೇಲಿರುವಾಗ ಏನು ನೋಡುವುದು, ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಪರೀಕ್ಷೆ ಮುಗಿದ ಮೇಲಿನ ರಜೆಗೂ ಮುಂಚಿನ ರಜೆಗೂ ವ್ಯತ್ಯಾಸವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೆಲಸ ಮುಗಿಸಿದವನ ತಲೆ ಹಗುರವಾಗಿರುತ್ತದೆ ಎಂಬುದು ಅರ್ಧ ಸತ್ಯ. ಐದು ದಿನ ಪರಭಾಷೆಯಲ್ಲಿ ಮಾತಾಡಿ, ಹೋಟೆಲಿನ ಊಟ ಉಂಡು ಬಸವಳಿದವನಿಗೆ ಬೇಕಾಗಿರುವುದು ಮನೆಯ ಅನ್ನ-ಸಾರು. ಊರು ನೋಡುವ ಉಮೇದು ಅಷ್ಟರಲ್ಲಿ ಇಳಿದಿರುತ್ತದೆ. ಕೊನೆಯ ದಿನಗಳ ಸುತ್ತಾಟ ಎಷ್ಟೋ ಸಲ ಚಾಕೊಲೇಟ್ ಕೊಳ್ಳುವ ಅಂಗಡಿಯಲ್ಲೇ ಮುಗಿಯುವುದು ಇದಕ್ಕೇ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಕೆಲಸಕ್ಕೆ ಮುಂಚೆಯೇ ಕಾಲು ಉಳುಕಿದರೆ, ಪಾಸ್‌ಪೋರ್ಟ್ ಕಳೆದರೆ? ಇದನ್ನು ಒಪ್ಪಿಯೇ ಮಾತು ಮುಂದುವರಿಸಬೇಕು. ಮುಂಚಿನ ದಿನಗಳನ್ನು ಕೆಲಸ ಇರುವ ಊರಿನಲ್ಲೇ, ಹೆಚ್ಚೆಂದರೆ ರೈಲಿನಲ್ಲಿ ಎರಡು ಗಂಟೆಯ ದೂರದೊಳಗೆ ಕಳೆಯಬೇಕು. ಹಿಮದ ಮೇಲೆ ಜಾರುವುದು, ಬೆಟ್ಟ ಹತ್ತುವುದು, ಇನ್ನೊಂದು ದೇಶಕ್ಕೆ ಹಾರುವುದು ಬೇಡ. ಪಾಸ್‌ಪೋರ್ಟ್ ಕಳೆದರೂ ಆತಿಥೇಯ ಕಂಪನಿಯವರು ಪಕ್ಕದಲ್ಲಿರುತ್ತಾರೆ. ಕೆಲಸ ಮುಗಿದು, ಅವರ ಕೈ ಕುಲುಕಿ ಬಂದ ಮೇಲೆ ಗುರುತಿಲ್ಲದ ಊರಿನಲ್ಲಿ ಕಳೆದುಕೊಂಡರೆ ಪಾಡು ಹೆಚ್ಚು. ಮೂರು ತಿಂಗಳ ಡೆಪ್ಯುಟೇಷನ್ನಿಗೆ ಹೋಗುವವರಿಗೆ ಈ ಮಾತೆಲ್ಲ ಅನ್ವಯಿಸದು, ಅವರಿಗೆ ವಾರಾಂತ್ಯಗಳಿವೆ.

ಕಂಪನಿಯ ದುಡ್ಡಿನಲ್ಲಿ ಸುತ್ತಾಡುವುದು ಕಳ್ಳತನವಲ್ಲವೇ ಎಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ. ಅದು ಒಳ್ಳೆಯ ಸಂಕೋಚವೇ. ಆದರೆ ಕಾನೂನು ಇದನ್ನು ಎಂದೋ ಯೋಚಿಸಿಟ್ಟಿದೆ. ಆದಾಯ ತೆರಿಗೆಯ ನಿಯಮ, ಕಚೇರಿ ಪ್ರವಾಸವನ್ನು ರಜೆಯಾಗಿ ಮುಂದುವರಿಸಿದಾಗ ಆ ಹೆಚ್ಚುವರಿ ದಿನಗಳಿಗೆ ಕಂಪನಿ ಮಾಡಿದ ಖರ್ಚನ್ನಷ್ಟೇ ನೌಕರನ ಸವಲತ್ತು ಎಂದು ಎಣಿಸಿ ತೆರಿಗೆಗೆ ಸೇರಿಸುತ್ತದೆ. ಜೊತೆಗೆ ಹೋದ ಹೆಂಡತಿ ಮಕ್ಕಳ ಖರ್ಚನ್ನು ಕಂಪನಿ ಕೊಟ್ಟರೆ ಅದೂ ಸವಲತ್ತೇ. ಅಂದರೆ ಕೂಡಿಸುವುದು ತಪ್ಪೆಂದು ಯಾರೂ ಹೇಳಿಲ್ಲ, ಗೆರೆ ಎಲ್ಲಿ ಎಂಬುದನ್ನು ಮಾತ್ರ ಹೇಳಿದೆ. ಆ ಗೆರೆಯನ್ನು ಹೊರಡುವ ಮುಂಚೆಯೇ ಮೇಲಧಿಕಾರಿಗೆ ಮೇಲ್ ಬರೆದು ಎಳೆದುಕೊಳ್ಳುವುದು ಕ್ಷೇಮ: ಕೆಲಸದ ದಿನಾಂಕಕ್ಕೆ ಟಿಕೆಟ್ಟಿಗೆ ಎಷ್ಟಾಗುತ್ತಿತ್ತು, ನಾನು ಕೇಳುವ ದಿನಾಂಕಕ್ಕೆ ಎಷ್ಟು, ಹೆಚ್ಚಾದದ್ದು ನನ್ನದು; ಆ ದಿನಗಳಿಗೆ ಸ್ವಂತ ರಜೆ, ಸ್ವಂತ ಹೋಟೆಲ್, ದಿನಭತ್ಯೆ ಬೇಡ. ಬಿಲ್ಲುಗಳನ್ನು ಎರಡು ಲಕೋಟೆಯಲ್ಲಿಡಬೇಕು. ಕಂಪನಿಯ ವಿಮೆ ಸ್ವಂತ ದಿನಗಳಿಗೂ ನಡೆಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು, ನಡೆಯದಿದ್ದರೆ ಬೇರೆ ಮಾಡಿಸಬೇಕು. ಎಡವಟ್ಟಾಗುವುದು ಹೆಚ್ಚಾಗಿ ವೀಸಾದಲ್ಲಿ. ಯೂರೋಪಿನ 29 ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಚೀಟಿಯ ಮೇಲೆ ಮೂರು ವಿಷಯ ಇರುತ್ತವೆ: ಎಂದಿನಿಂದ, ಎಂದಿನವರೆಗೆ, ಒಳಗೆ ಎಷ್ಟು ದಿನ. ಮೊದಲೆರಡು ದಿನಾಂಕಗಳ ನಡುವೆ ತಿಂಗಳಿದ್ದರೂ ಮೂರನೆಯ ಸಾಲಿನಲ್ಲಿ ಆರು ಎಂದಿದ್ದರೆ ಇರಬಹುದಾದದ್ದು ಆರೇ ದಿನ. ಆದ್ದರಿಂದ ಸುತ್ತಾಟದ ದಿನಗಳನ್ನು ಅರ್ಜಿ ಹಾಕುವಾಗಲೇ ಕಾಣಿಸಬೇಕು, ರಜೆಯ ಪತ್ರವನ್ನೂ ಆ ದಿನಗಳ ಹೋಟೆಲ್ ಬುಕಿಂಗನ್ನೂ ಲಗತ್ತಿಸಬೇಕು, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇಡೀ ಅವಧಿಗೆ ಇರಬೇಕು. ಬ್ರಿಟನ್ನಿನ ಸಂದರ್ಶಕ ವೀಸಾ, ಅಮೆರಿಕದ ಬಿ-1/ಬಿ-2 ಈ ವಿಷಯದಲ್ಲಿ ಉದಾರ. ಮೀಟಿಂಗೂ ಪ್ರವಾಸವೂ ಒಂದೇ ಚೀಟಿಯಲ್ಲಿ ನಡೆಯುತ್ತವೆ.

ಎರಡು ದಿನದಲ್ಲಿ ಏನು ಕಂಡೀತು, ಬರೀ ಕಾಲೂರಿ ಬಂದ ಹಾಗೆ ಎನ್ನುವವರಿಗೆ ಕಲೋನ್ ನಗರವನ್ನು ತೋರಿಸಬಹುದು. ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಅಕ್ಟೋಬರಿನಲ್ಲಿ, ಅನುಗಾ ಎಂಬ ದೊಡ್ಡ ಆಹಾರ ಮೇಳ ಅಲ್ಲಿ ನಡೆಯುತ್ತದೆ. ಮೆಣಸು, ಏಲಕ್ಕಿ, ಕಾಫಿ ವ್ಯಾಪಾರದವರಿಗೆ ಗೊತ್ತಿರುವ ಮೇಳ. ಮೇಳದ ಮೈದಾನ ಇರುವುದು ರೈನ್ ನದಿಯ ಈಚೆ ದಡದ ಡಾಯ್ಟ್ಸ್‌ನಲ್ಲಿ. ಎದುರು ದಡದಲ್ಲಿ, ರೈಲು ನಿಲ್ದಾಣದ ಬಾಗಿಲಲ್ಲೇ, 157 ಮೀಟರ್ ಎತ್ತರದ ಕೆಥೆಡ್ರಲ್. ನಡುವೆ ರೈಲು ಸೇತುವೆ; ಅದರ ಪಕ್ಕದ ಕಾಲುದಾರಿಯ ಜಾಲರಿಗೆ ಪ್ರೇಮಿಗಳು ಸಿಕ್ಕಿಸಿದ ಸಾವಿರಾರು ಬೀಗಗಳು, ಕೆಲವು ತುಕ್ಕು ಹಿಡಿದವು, ಕೆಲವು ಹೊಳೆಯುವವು. ಆ ಸೇತುವೆ ದಾಟಿದರೆ 1248ರಲ್ಲಿ ಶುರುವಾಗಿ, ನಡುವೆ ಮೂರು ಶತಮಾನ ನಿಂತುಹೋಗಿ, 1880ರಲ್ಲಿ ಮುಗಿದ ಕಟ್ಟಡದ ಬುಡದಲ್ಲಿರುತ್ತೇವೆ. ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು. ಒಂದು ಇಡೀ ದಿನಕ್ಕೆ ಇದು ಸಾಲದೇ? ಐದು ದಿನದಲ್ಲಿ ನಾಲ್ಕು ದೇಶ ತೋರಿಸುವ ಪ್ಯಾಕೇಜಿನವರು ಬಸ್ಸಿನ ಕಿಟಕಿಯಿಂದ ಕಾಣುವುದಕ್ಕಿಂತ ಇದು ಹೆಚ್ಚು. ಕಡಿಮೆ ದಿನ ಇರುವವರು ತಮ್ಮ ಕೆಲಸಕ್ಕೋ ಊರಿಗೋ ನಂಟಿರುವುದನ್ನು ಆರಿಸಿಕೊಂಡರೆ ಲಾಭ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಮಿಲಾನಿಗೆ ಕೆಲಸದ ಮೇಲೆ ಹೋಗುವವರು ಫ್ಯಾಷನ್ ಬೀದಿ ನೋಡಿ ಬರುತ್ತಾರೆ. ಆದರೆ 1719ರಿಂದ ಮುಕ್ತ ಬಂದರಾಗಿ ಬೆಳೆದ, ಕಾಫಿಯೇ ಊರಿನ ಉಸಿರಾದ ಟ್ರಿಯೆಸ್ಟ್, ನನ್ನ ಎರಡು ಗಂಟೆಯ ಮಿತಿಯ ಆಚೆಯದಾದರೂ, ಅದೇ ದೇಶದ ಪೂರ್ವದ ಅಂಚಿನಲ್ಲಿದೆ. ನಮ್ಮ ಕಣದಲ್ಲಿ ಒಣಗಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳೆದುಕೊಂಡು, ಮೂಟೆಯಾಗಿ ಹೋದದ್ದು ಕೊನೆಗೆ ಏನಾಗುತ್ತದೆ ಎಂದು ತಿಳಿಯಬೇಕಾದ ಬೆಳೆಗಾರರ ಮಕ್ಕಳಿಗೆ ಹೋಗಬೇಕಾದ ಊರು ಅದು. ನೋಟಕ್ಕೂ ಕೆಲಸಕ್ಕೂ ಜಗಳವಿಲ್ಲ ಎಂಬುದನ್ನು ವಿಶ್ವೇಶ್ವರಯ್ಯನವರ ಬದುಕೇ ಹೇಳುತ್ತದೆ. ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದಾಗ, 1898ರಲ್ಲಿ, ರಜೆ ಹಾಕಿ ಜಪಾನ್ ನೋಡಿದರು. 1906ರಲ್ಲಿ ನೀರು ಮತ್ತು ಒಳಚರಂಡಿಯ ಕೆಲಸಕ್ಕೆಂದು ಸರ್ಕಾರವೇ ಅವರನ್ನು ಏಡನ್‌ಗೆ ಕಳಿಸಿತು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಲುಗಿದಾಗ ಅವರು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರದ ಕರೆ ಅಲ್ಲಿಗೇ ಹೋಯಿತು, 1909ರಲ್ಲಿ ಬಂದು ಕೆಲಸ ವಹಿಸಿಕೊಂಡರು. ನನ್ನ ವಾದಕ್ಕೆ ಇದು ಪುರಾವೆ ಎಂದರೆ ಎಳೆದಂತಾದೀತು. ಅವರಿಗೆ ರಜೆಯೂ ಕೆಲಸವೇ ಆಗಿತ್ತು, ಎಲ್ಲರಿಂದಲೂ ಅದು ಆಗದು. ಆದರೆ ಕಂಡದ್ದು ಮುಂದಿನ ಕೆಲಸದೊಳಗೆ ಇಳಿಯಬೇಕಾದರೆ ಕಾಣುವುದು ಮೊದಲಿರಬೇಕು.

ಇದೆಲ್ಲ ಎಂಜಿನಿಯರುಗಳಿಗಾಯಿತು, ಗಲ್ಫಿನವರಿಗೇನು ಎಂಬುದು ನನಗೆ ತೋರುವ ಮಟ್ಟಿಗೆ ಅತಿ ಭಾರದ ಆಕ್ಷೇಪ. ಕೊಡ್ಲಿಪೇಟೆ, ಶನಿವಾರಸಂತೆ ಕಡೆಯಿಂದ ಪರದೇಶಕ್ಕೆ ದುಡಿಯಲು ಹೋದವರೆಂದರೆ ಮೊದಲು ನೆನಪಿಗೆ ಬರುವುದು ಅವರೇ. ಯುಎಇಯ ಕಾನೂನಿನಲ್ಲಿ ವರ್ಷಕ್ಕೆ 30 ದಿನ ರಜೆ, ಸೌದಿಯಲ್ಲಿ 21 ದಿನ, ಐದು ವರ್ಷ ದುಡಿದ ಮೇಲೆ 30. ಆ ರಜೆಯಲ್ಲಿ ತಂಗಿಯ ಮದುವೆ ಇರುತ್ತದೆ, ಅರ್ಧಕ್ಕೆ ನಿಂತ ಮನೆಯ ಸಜ್ಜೆ ಇರುತ್ತದೆ, ಹುಟ್ಟಿದ ಮೇಲೆ ಇನ್ನೂ ಕಾಣದ ಮಗು ಇರುತ್ತದೆ. ಅದರಲ್ಲಿ ದಾರಿ ಮಧ್ಯೆ ಎರಡು ದಿನ ಇಳಿದು ನೋಡಿ ಬನ್ನಿ ಎನ್ನುವುದು ಕ್ರೂರವಾದೀತು. ಆದರೆ ಇವರು ನನ್ನ ಸೂತ್ರವನ್ನು ಬಹಳ ಹಿಂದಿನಿಂದಲೇ ಪಾಲಿಸುತ್ತಿದ್ದಾರೆ. ರಜೆ ಬಂದಾಗ ಸೀದಾ ಮನೆ. ನೋಡುವುದೇನಿದ್ದರೂ ದುಡಿಮೆಯ ದಿನಗಳ ಒಳಗೇ. ರಿಯಾದಿನಲ್ಲಿ ದುಡಿಯುವ ಮುಸ್ಲಿಂ ಹುಡುಗರು ಗುರುವಾರ ಸಂಜೆ ಕೆಲಸ ಬಿಟ್ಟು ಗುಂಪಾಗಿ ಬಸ್ಸು ಹತ್ತುತ್ತಾರೆ. ಮಕ್ಕಾಕ್ಕೆ ಸುಮಾರು 870 ಕಿಲೋಮೀಟರ್, ರಾತ್ರಿಯಿಡೀ ಮರುಭೂಮಿಯ ಹೆದ್ದಾರಿ. ತಾಯಿಫ್ ದಾಟುವ ಹೊತ್ತಿಗೆ ಯಾತ್ರೆಯ ಗಡಿಯಾದ ಮೀಕಾತ್‌ನಲ್ಲಿ ಬಸ್ಸು ನಿಲ್ಲುತ್ತದೆ, ಮಿಂದು ಇಹ್ರಾಮಿನ ಎರಡು ಬಿಳಿ ಬಟ್ಟೆ ಉಟ್ಟುಕೊಳ್ಳುತ್ತಾರೆ, ಉಮ್ರಾ ಮುಗಿಸಿ, ಮಕ್ಕಾದ ಹರಮ್ ಮಸೀದಿಯಲ್ಲಿ ಶುಕ್ರವಾರದ ಜುಮಾ ನಮಾಜು ಮಾಡಿ ಹಿಂದಿರುಗುತ್ತಾರೆ. ಊರಿನಿಂದ ಅದಕ್ಕೆಂದೇ ಹೋಗುವುದಾದರೆ ಎಷ್ಟು ಖರ್ಚು ಎಂಬುದು ಎಲ್ಲರಿಗೂ ಗೊತ್ತು. ಅಬುಧಾಬಿಯಲ್ಲಿರುವವರಿಗೆ ಶೇಖ್ ಜಾಯೆದ್ ಮಸೀದಿಯೂ 2024ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರವೂ ವಾರದ ರಜೆಗೆ ಸಿಗುವಷ್ಟು ಹತ್ತಿರ.

ಇನ್ನು ಮರಳುವ ವಿಷಯ. ಯೂರೋಪಿನಿಂದ, ಗಲ್ಫಿನಿಂದ ಬರುವ ಅನೇಕ ವಿಮಾನಗಳು ಬೆಂಗಳೂರಿನಲ್ಲಿ ಇಳಿಯುವುದು ನಡುರಾತ್ರಿಯ ಆಚೆ. ಬರುವುದು ಪೂರ್ವಕ್ಕೆ, ದೇಹಕ್ಕೆ ಒಗ್ಗದ ದಿಕ್ಕಿಗೆ. ಊರಿನಿಂದ ಸಂಜೆ ಹೊರಟ ಟ್ಯಾಕ್ಸಿ ಚಾಲಕ ನಿಲ್ದಾಣದಲ್ಲಿ ನಿದ್ದೆಗೆಟ್ಟು ಕಾದಿರುತ್ತಾನೆ. ನಾಲ್ಕು ಗಂಟೆಯ ನಸುಕಿನಲ್ಲಿ ಹಾಸನದ ಹೆದ್ದಾರಿಗೆ ಗಾಡಿ ಬಿಟ್ಟಾಗ ಒಳಗಿರುವ ಇಬ್ಬರೂ ತೂಕಡಿಸುವವರೇ. ಸುತ್ತಾಟವನ್ನು ಕೊನೆಗಿಟ್ಟವರು ರಜೆಯ ಕೊನೆಯ ದಿನವನ್ನೂ ಅಲ್ಲೇ ಖರ್ಚು ಮಾಡಿರುತ್ತಾರೆ; ನಾಳೆ ಕಚೇರಿ, ಇವತ್ತೇ ಮನೆ ಮುಖ ನೋಡಿ ಬರಬೇಕು, ಹಾಗಾಗಿ ಈ ಅಪಾಯಕ್ಕೆ ಇಳಿಯುತ್ತಾರೆ. ಮುಂಚೆಯೇ ಸುತ್ತಾಡಿದವರಿಗೆ ಒಂದು ದಿನ ಉಳಿದಿರುತ್ತದೆ. ಬೆಂಗಳೂರಿನಲ್ಲೇ ಬೆಳಗಿನವರೆಗೆ ಮಲಗಿ, ತಿಂಡಿ ತಿಂದು, ಹಗಲಲ್ಲಿ ಹೊರಟರೆ ಸಾಕು. ನವೆಂಬರಿನಿಂದ ಮಾರ್ಚಿನವರೆಗೆ ಮೊದಲು ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು ನಡೆಯುವಾಗ ತೋಟದ ಮನೆಗಳಲ್ಲಿ ಆಳು ಸಿಗುವುದಿಲ್ಲ, ಮೋಡ ಕವಿದರೆ ಕಣದ ಕಾಫಿಗೆ ಟಾರ್ಪಾಲು ಎಳೆಯಲು ಒಂದು ಜೋಡಿ ಕೈ ಹೆಚ್ಚಾದರೂ ಉಪಕಾರ. ಫ್ರಿಜ್ಜಿನ ಮೇಲೆ ಅಂಟಿಸುವ ಐಫೆಲ್ ಗೋಪುರಕ್ಕಿಂತ ಮನೆಯವರಿಗೆ ಅದು ಬೇಕು. ಮಳೆಗಾಲದ್ದು ಬೇರೆ ಲೆಕ್ಕ. ಮಂಗಳೂರಿಗೆ ಟಿಕೆಟ್ ಅಗ್ಗವಾಗಿ ಸಿಕ್ಕೀತು, ಆದರೆ ಅಲ್ಲಿಂದ ಕೊಡ್ಲಿಪೇಟೆಗೆ ಶಿರಾಡಿ, ಬಿಸಿಲೆ, ಸಂಪಾಜೆ ಯಾವುದೋ ಒಂದು ಘಾಟಿ ಹತ್ತಲೇಬೇಕು, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ದಾರಿಗಳು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಜುಲೈ-ಆಗಸ್ಟಿನಲ್ಲಿ ಮರಳುವ ಟಿಕೆಟ್ಟನ್ನು, ನಾಲ್ಕು ಸಾವಿರ ಹೆಚ್ಚಾದರೂ, ಬೆಂಗಳೂರಿಗೇ ಮಾಡಿಸುವುದು ವಾಸಿ. ಅಲ್ಲಿಂದ ಹಾಸನ, ಅರಕಲಗೂಡಿನ ಮೇಲೆ ಬರುವ ದಾರಿಯಲ್ಲಿ ಘಾಟಿ ಇಲ್ಲ.