ಬೆರಳು ಆಡದವರು ಟೈಪ್ ಮಾಡುವುದು ಹೇಗೆ?

ಪ್ರಶ್ನೆ: ದಿಲ್ಲಿಯ ವಸಂತಕುಂಜದ ಬೆನ್ನುಹುರಿ ಆಸ್ಪತ್ರೆಯಲ್ಲಿ ಬೆರಳು ಆಡದವರಿಗೂ ಕಂಪ್ಯೂಟರ್ ಕಲಿಸುತ್ತಾರಂತೆ, ನಿಜವೇ?

ಉತ್ತರ: ನಿಜ. ಆ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದವರು ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದವರು, ಅದೇ ವರ್ಷದ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿ ಹಿಡಿದರು.

ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಮೊದಲು ಕೇಳುವುದು, ‘ನಿಮಗೆ ಯಾವ ಕೆಲಸ ಮಾಡಬೇಕಾಗಿದೆ?’ ಎಂದು. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ಬೆರಳು ಸೋತರೂ ಮಣಿಕಟ್ಟು ಮೇಲೇಳುತ್ತದೆ. ಅಂಗೈಗೆ ಪಟ್ಟಿ ಕಟ್ಟಿ, ಅದಕ್ಕೊಂದು ಕಡ್ಡಿ ಸಿಕ್ಕಿಸಿದರೆ ಒಂದೊಂದೇ ಕೀಲಿ ಒತ್ತಬಹುದು. ಹಾಗಾದರೆ ಶಿಫ್ಟ್ ಜೊತೆ ಇನ್ನೊಂದು ಕೀಲಿ? ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ಒತ್ತಿ ನೋಡಿ, ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತದೆ. ಹೂಂ ಎಂದರೆ ಎರಡನ್ನೂ ಒಟ್ಟಿಗೆ ಒತ್ತಬೇಕಿಲ್ಲ, ಒಂದಾದ ಮೇಲೊಂದು ಸಾಕು. ನಾವು ಬೈದುಕೊಂಡು ಮುಚ್ಚುವ ಆ ಕಿಟಕಿ ಇರುವುದೇ ಇಂಥವರಿಗಾಗಿ! ಕೈಯೇ ಆಡದಿದ್ದರೆ ಕ್ಯಾಮೆರಾ ತಲೆಯ ಚಲನೆ ಗಮನಿಸಿ ಪರದೆಯ ಬಾಣವನ್ನು ಸರಿಸುತ್ತದೆ. ಮೊಬೈಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡದಲ್ಲೇ ಮಾತಾಡಿ ಬರೆಸಬಹುದು.

ಇವನ್ನು ಕಲಿತ ಮೇಲೆ ಮುಂದಿನ ಅಭ್ಯಾಸಕ್ಕೆ ಥೆರಪಿಸ್ಟ್ ಜೊತೆ ವಿಡಿಯೊ ಕರೆ ಸಾಕಾದೀತು. ಪಟ್ಟಿಯ ಅಳತೆಯನ್ನು ಮಾತ್ರ ಕೈ ಮುಟ್ಟಿಯೇ ನೋಡಬೇಕು; ಸ್ಪರ್ಶ ತಿಳಿಯದ ಚರ್ಮ ಉಜ್ಜಿ ಹುಣ್ಣಾದರೂ ರೋಗಿಗೆ ಗೊತ್ತಾಗುವುದಿಲ್ಲ.